ನಾಣ್ಯ ಸಿಕ್ತು, ಪದರ ಹೋಯ್ತು! (ಮಣ್ಣಿನ ಕಥೆ, ಭಾಗ 4)

ಶನಿವಾರ ನಮ್ಮೂರ ಶಾಲೆ ಮಕ್ಕಳಿಗೆ ಉತ್ಖನನ ಆಡಿಸಿದ್ವಿ. ಟಬ್‌ನಲ್ಲಿ ಕೆಳಗೆ ಕೆಮ್ಮಣ್ಣು, ನಡುವೆ ಬೂದಿ, ಮೇಲೆ ಮರಳು. ಬೂದಿಯಲ್ಲಿ ನಾಣ್ಯ, ಮಡಕೆ ಚೂರು. ಒಬ್ಬ ಹುಡುಗ ಬ್ರಷ್ ಬಿಸಾಕಿ, ಕೈ ಹಾಕಿ ನಾಣ್ಯ ಎತ್ತೇಬಿಟ್ಟ. "ಯಾವ ಪದರದಲ್ಲಿತ್ತೋ?" ಗೊತ್ತಿಲ್ಲ! (ನಮ್ಮ ಬಿಕಾಂ ಭಾಷೇಲಿ ವೋಚರ್ ಇಲ್ಲದ ಎಂಟ್ರಿ.)

1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಪದರ ನೋಡಿಕೊಂಡೇ ಅಗೆಸಿದ್ರು. ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ತು. ಅವನು ಆಳಿದ್ದು ಕ್ರಿ.ಶ. 14ರಿಂದ 37. ಅಂದ್ರೆ ಆ ಪದರ ಕ್ರಿ.ಶ. 14ಕ್ಕಿಂತ ಹಳೇದಲ್ಲ. ಹೆಸರಿಲ್ಲದ ಮಡಕೆ ಚೂರುಗಳ ಕಾಲ ಲೆಕ್ಕ ಹಾಕೋಕೂ ದಾರಿಯಾಯ್ತು.

"ಅಕ್ಕಾ, ವಾಪಸ್ ಹೂತಿಡ್ಲಾ?" ಅಂದ ಹುಡುಗ. ಟಬ್‌ನಲ್ಲಾದ್ರೆ ಸರಿ ಕಣೋ, ಚಂದ್ರವಳ್ಳಿಯಲ್ಲಿ?

ಎರಡನೇ ಸಲ ಅವನೇ ಮೊದಲು ಸ್ಕೇಲ್ ಕೇಳಿದ.