ಪಿ. ಸಾಯಿನಾಥ್ ಯಾರು? ಹಳ್ಳಿ ಸುದ್ದಿಗಾಗಿ ಪಿಎಫ್ ದುಡ್ಡು ಖರ್ಚು ಮಾಡಿದ ವರದಿಗಾರ

ಫ್ರೀಲ್ಯಾನ್ಸ್ ಪತ್ರಕರ್ತ ಅಂದ್ರೆ ಕೆಲಸ ಸಿಗದೆ ಕ್ಯಾಮೆರಾ ನೇತು ಹಾಕ್ಕೊಂಡು ಓಡಾಡೋನು ಅಂತಲೇ ನಮ್ಮ ಕಡೆ ಬಹಳ ಜನರ ತಿಳುವಳಿಕೆ. ತಿಂಗಳ ಸಂಬಳ ಇಲ್ಲ, ಆಫೀಸ್ ಇಲ್ಲ, ಬರೆದಷ್ಟಕ್ಕೆ ಕಾಸು. ಹಾಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿ, ವರದಿ, ಸಂಶೋಧನೆ, ಫೋಟೋ, ಕೊನೆಗೆ ಸಿನಿಮಾ ಪರದೆವರೆಗೂ ಹೋದವರು ಪಾಲಗುಮ್ಮಿ ಸಾಯಿನಾಥ್. ರೈತರ ಸುದ್ದಿ ಬಂದಾಗೆಲ್ಲ ಇವರ ಹೆಸರು ಬರುತ್ತೆ. ಅವರು ಯಾರು, ಏನು ಮಾಡಿದ್ರು ಅನ್ನೋದು ಇಲ್ಲಿದೆ.

ಹುಟ್ಟಿದ್ದು 1957ರಲ್ಲಿ, ಮದ್ರಾಸಿನಲ್ಲಿ. ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿಯವರ ಮೊಮ್ಮಗ. (ಗಿರಿಯವರು ಅದಕ್ಕೂ ಮೊದಲು ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು.) ದೆಹಲಿಯ ಜೆಎನ್‌ಯುನಲ್ಲಿ ಇತಿಹಾಸ ಓದಿ, 1980ರಲ್ಲಿ ಯುಎನ್‌ಐ ಸುದ್ದಿಸಂಸ್ಥೆ ಸೇರಿದರು. ಆಮೇಲೆ ಮುಂಬೈನ 'ಬ್ಲಿಟ್ಜ್' ವಾರಪತ್ರಿಕೆಯಲ್ಲಿ ಸುಮಾರು ಹತ್ತು ವರ್ಷ. ಉಪಸಂಪಾದಕರ ಕುರ್ಚಿವರೆಗೂ ಹೋಗಿದ್ದರು. ಅಲ್ಲೇ ಕೂತಿದ್ದರೆ ಜೀವನ ಆರಾಮಾಗಿ ಸಾಗುತ್ತಿತ್ತು.

1993ರಲ್ಲಿ ಆ ಕುರ್ಚಿ ಬಿಟ್ಟರು. ಟೈಮ್ಸ್ ಆಫ್ ಇಂಡಿಯಾದ ಒಂದು ಫೆಲೋಶಿಪ್ ಸಿಕ್ಕಿತ್ತು. ದೇಶದ ಅತಿ ಬಡ ಜಿಲ್ಲೆಗಳಿಗೆ ಹೋಗಿ ವರದಿ ಮಾಡ್ತೀನಿ ಅಂದಾಗ, ನಮ್ಮ ಓದುಗರಿಗೆ ಇದರಲ್ಲಿ ಆಸಕ್ತಿ ಇಲ್ಲದಿದ್ರೆ ಅಂತ ಸಂದರ್ಶನದಲ್ಲಿ ಕೇಳಿದರಂತೆ. ನೀವು ಓದುಗರನ್ನ ಕೊನೇ ಸಲ ಭೇಟಿ ಮಾಡಿದ್ದು ಯಾವಾಗ ಅಂತ ಇವರೇ ತಿರುಗಿ ಕೇಳಿದರಂತೆ. ಫೆಲೋಶಿಪ್ ಹಣ ಮುಗಿದ ಮೇಲೂ ವಾಪಸ್ ಬರಲಿಲ್ಲ. ಬ್ಲಿಟ್ಜ್‌ನಿಂದ ಬಂದಿದ್ದ ಪಿಎಫ್, ಗ್ರಾಚ್ಯುಟಿ ತೆಗೆದು ಖರ್ಚು ಮಾಡಿದರು. ಸುತ್ತಿದ್ದು ಸುಮಾರು 1 ಲಕ್ಷ ಕಿಲೋಮೀಟರ್, ಅದರಲ್ಲಿ 5,000 ಕಿಲೋಮೀಟರ್ ನಡೆದೇ. 18 ತಿಂಗಳಲ್ಲಿ 84 ವರದಿ ಅಚ್ಚಾದವು.

ತಾಲ್ಲೂಕು ಮಟ್ಟದಲ್ಲಿ ವರದಿ ಮಾಡುವ ನಮ್ಮಂಥವರಿಗೆ ಈ ಲೆಕ್ಕ ಬೇಗ ಅರ್ಥ ಆಗುತ್ತೆ. ಒಂದು ಸುದ್ದಿಗೆ ಸಿಗೋ ದುಡ್ಡು ಬೈಕಿನ ಪೆಟ್ರೋಲಿಗೇ ಸಾಲಲ್ಲ. ಅಂಥದ್ದರಲ್ಲಿ ಒಂದೇ ಊರಲ್ಲಿ ದಿನಗಟ್ಟಲೆ ಉಳಿಯೋದು ದೊಡ್ಡ ಮಾತು.

ಆ ವರದಿಗಳಲ್ಲಿ ಏನಿತ್ತು? ಒಂದೆರಡು ಹೇಳಿದರೆ ಸಾಕು.

ಮಧ್ಯಪ್ರದೇಶದಲ್ಲಿ ಆಗಿದ್ದ ಸರ್ಗುಜಾ ಜಿಲ್ಲೆಯ (ಈಗ ಛತ್ತೀಸ್‌ಗಢ) ಒಂದು ಹಳ್ಳಿಗೆ ಬುಡಕಟ್ಟು ಜನರ ಅಭಿವೃದ್ಧಿ ಹೆಸರಲ್ಲಿ 17.44 ಲಕ್ಷ ರೂಪಾಯಿಯ ರಸ್ತೆ ಮಂಜೂರಾಯಿತು. ಉದ್ದ ಸುಮಾರು 3 ಕಿಲೋಮೀಟರ್. ಪಹಾಡಿ ಕೊರ್ವಾ ಬುಡಕಟ್ಟಿನವರಿಗೆ ಅಂತ ಮಾಡಿದ ಯೋಜನೆ ಅದು. ಆದರೆ ಆ ಊರಲ್ಲಿ ಇದ್ದದ್ದು ಒಂದೇ ಒಂದು ಕೊರ್ವಾ ಕುಟುಂಬ! ಆ ಮನೆಯವರಿಗೆ ಬೇಕಾಗಿದ್ದದ್ದು ನೀರು. ರಸ್ತೆ ಯಾರೂ ಕೇಳಿರಲಿಲ್ಲ.

ಇನ್ನೊಂದು ಒಡಿಶಾದ ನುವಾಪಾಡಾ ಕಡೆಯದು. ಹಾಲಿನ ಉತ್ಪಾದನೆ ಹೆಚ್ಚಿಸುತ್ತೇವೆ ಅಂತ ಜೆರ್ಸಿ ತಳಿಯ ಯೋಜನೆ ತಂದರು. ತಳಿ ಕೆಡಬಾರದು ಅಂತ ಊರಿನ ನಾಟಿ ಹೋರಿಗಳಿಗೆಲ್ಲ ಬೀಜ ಒಡೆಸಿದರು. ಸುಮಾರು 2 ಕೋಟಿ ಖರ್ಚಾದ ಮೇಲೆ ಹುಟ್ಟಿದ್ದು 8 ಕರು. ಹಾಲು ಬರಲಿಲ್ಲ, ಬರಕ್ಕೂ ಜಗ್ಗದ ಖರಿಯಾರ್ ತಳಿ ಮಾತ್ರ ಆ ಭಾಗದಲ್ಲಿ ನಾಶದ ಅಂಚಿಗೆ ಬಂತು. ದನ ಕಟ್ಟಿದವರಿಗೆ ಇದು ಎಂಥ ನಷ್ಟ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿ-ಮಂಡಿ ನಡೆಸುವವರು ಓದಬೇಕಾದದ್ದು ತಮಿಳುನಾಡಿನ ರಾಮನಾಥಪುರಂ ಮೆಣಸಿನಕಾಯಿ ವರದಿ. ಅಲ್ಲಿ ದಲ್ಲಾಳಿಗೆ 'ತರಗರ್' ಅಂತಾರೆ. ದರ ಕುದುರೋದು ಬಟ್ಟೆ ಕೆಳಗೆ, ಬೆರಳು ಹಿಡಿದು. ನಮ್ಮ ದನದ ಸಂತೆಯಲ್ಲಿ ಟವೆಲ್ ಕೆಳಗೆ ಮಾಡ್ತಾರಲ್ಲ, ಹಾಗೇ. ಎದುರಿಗೇ ನಿಂತ ಬೆಳೆಗಾರನಿಗೆ ತನ್ನ ಮಾಲಿನ ದರ ಗೊತ್ತಾಗೋದು ಎಲ್ಲರಿಗಿಂತ ಕೊನೆಗೆ. ಸಾಲ ಕೊಟ್ಟವನೂ ಮಾಲು ಹಿಡಿಯುವವನೂ ಒಬ್ಬನೇ ಆದಾಗ ಏನಾಗುತ್ತೆ ಅನ್ನೋದನ್ನ ಬೈಗುಳ ಇಲ್ಲದೆ, ಬರೀ ಲೆಕ್ಕ ಇಟ್ಟು ತೋರಿಸಿದ್ದಾರೆ.

ಈ ವರದಿಗಳು 1996ರಲ್ಲಿ ಪೆಂಗ್ವಿನ್‌ನಿಂದ 'ಎವ್ರಿಬಡಿ ಲವ್ಸ್ ಎ ಗುಡ್ ಡ್ರಾಟ್' ಅನ್ನೋ ಪುಸ್ತಕವಾದವು. ಕನ್ನಡಕ್ಕೆ ತಂದವರು ಜಿ.ಎನ್. ಮೋಹನ್, ಹೆಸರು 'ಬರ ಅಂದ್ರೆ ಎಲ್ಲರಿಗೂ ಇಷ್ಟ'. ಪಲಾಮು ಕಡೆ ಬರ ಪರಿಹಾರಕ್ಕೆ 'ತೀಸರಿ ಫಸಲ್' ಅಂತಾರಂತೆ. ಮುಂಗಾರು ಒಂದು ಬೆಳೆ, ಹಿಂಗಾರು ಒಂದು, ಬರ ಪರಿಹಾರ ಮೂರನೇದು. ಮೂರನೇ ಬೆಳೆ ಕುಯ್ಯೋದು ಮಾತ್ರ ರೈತ ಅಲ್ಲ.

ಫೋಟೋಗಳನ್ನೂ ತಾವೇ ತೆಗೆದರು. 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರಗಳು 'ವಿಸಿಬಲ್ ವರ್ಕ್, ಇನ್ವಿಸಿಬಲ್ ವಿಮೆನ್' ಅನ್ನೋ ಪ್ರದರ್ಶನವಾದವು. ಹೆಂಗಸರು ದುಡಿಯೋದು ಎಲ್ಲರ ಕಣ್ಣಿಗೂ ಕಾಣುತ್ತೆ, ದುಡಿಯುವ ಹೆಂಗಸು ಯಾವ ಲೆಕ್ಕದಲ್ಲೂ ಕಾಣಲ್ಲ ಅನ್ನೋದೇ ವಿಷಯ. ಒಂದು ಚಿತ್ರದಲ್ಲಿ ಜಮೀನಿನ ಯಜಮಾನ ಎದೆ ಸೆಟೆಸಿ ಕ್ಯಾಮೆರಾಗೆ ಪೋಸ್ ಕೊಟ್ಟಿದ್ದಾನೆ, ಅವನ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರ ಸಾಲು ಪೂರ್ತಿ ಬಗ್ಗಿದೆ. ಈ ಫೋಟೋಗಳನ್ನ ದೊಡ್ಡ ಊರಿನ ಗ್ಯಾಲರಿಯಲ್ಲಷ್ಟೇ ಇಡಲಿಲ್ಲ. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಕಾರ್ಖಾನೆ ಗೇಟಿನ ಮುಂದೆಯೂ ಕಟ್ಟಿದರು. ನನ್ನ ಮಟ್ಟಿಗೆ ಇವರ ಕೆಲಸದಲ್ಲಿ ದೊಡ್ಡದು ಇದೇ. ಪುಸ್ತಕ ಕೊಳ್ಳದವರೂ ನಿಂತು ನೋಡಿದರು.

2004ರಲ್ಲಿ 'ದಿ ಹಿಂದು' ಪತ್ರಿಕೆಯ ಗ್ರಾಮೀಣ ವ್ಯವಹಾರಗಳ ಸಂಪಾದಕರಾದರು. ಹತ್ತು ವರ್ಷ ಅಲ್ಲಿ. ವಿದರ್ಭದ ಹತ್ತಿ ಬೆಳೆಗಾರರ ಆತ್ಮಹತ್ಯೆ ಬಗ್ಗೆ ಮೇಲಿಂದ ಮೇಲೆ ಬರೆದರು. ಸಂಶೋಧನೆಯ ಬಲವೂ ಇತ್ತು: ಮದ್ರಾಸಿನ ಅರ್ಥಶಾಸ್ತ್ರಜ್ಞ ಕೆ. ನಾಗರಾಜ್ ಸರ್ಕಾರದ್ದೇ ಅಪರಾಧ ದಾಖಲೆಗಳನ್ನು ಕೂತು ವಿಶ್ಲೇಷಿಸಿದ್ದರು. ಅದೇ ದಾಖಲೆಗಳ ಪ್ರಕಾರ 1995ರಿಂದ 2010ರೊಳಗೆ ಸತ್ತ ರೈತರು ಎರಡೂವರೆ ಲಕ್ಷಕ್ಕೂ ಹೆಚ್ಚು. ಆ ಪಟ್ಟಿಯಲ್ಲಿ ಸತತವಾಗಿ ಮೇಲಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮುಂಬೈನ ಫ್ಯಾಷನ್ ವೀಕ್‌ಗೆ 512 ಪತ್ರಕರ್ತರು ಪಾಸ್ ಪಡೆದಿದ್ದಾಗ, ಆ ಬಟ್ಟೆಯ ಹತ್ತಿ ಬೆಳೆದ ವಿದರ್ಭದಲ್ಲಿ ಸಾವಿನ ವರದಿಗೆ ಇದ್ದವರು ಬೆರಳೆಣಿಕೆಯಷ್ಟು ಅಂತ ಅವರೇ ಭಾಷಣಗಳಲ್ಲಿ ಹೇಳ್ತಾರೆ.

ದೀಪಾ ಭಾಟಿಯಾ 2009ರಲ್ಲಿ ಮಾಡಿದ 'ನೀರೋಸ್ ಗೆಸ್ಟ್ಸ್' ಸಾಕ್ಷ್ಯಚಿತ್ರ ಈ ಓಡಾಟವನ್ನೇ ಹಿಂಬಾಲಿಸಿದೆ. ಕೈದಿಗಳನ್ನ ಸುಟ್ಟು ಆ ಬೆಳಕಲ್ಲಿ ಔತಣ ಕೊಟ್ಟ ರೋಮ್ ದೊರೆ ನೀರೋ ಕಥೆ ಹೇಳಿ, ಆ ಊಟಕ್ಕೆ ಬಂದ ಅತಿಥಿಗಳು ಎಂಥವರು ಅಂತ ಸಾಯಿನಾಥ್ ಕೇಳ್ತಾರೆ. ಸಿನಿಮಾದ ಹೆಸರು ಬಂದಿದ್ದು ಅಲ್ಲಿಂದ.

2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ತಗೊಂಡರು. 2009ರಲ್ಲಿ ಪದ್ಮಭೂಷಣ ಬಂದಾಗ ಬೇಡ ಅಂದರು. ಯಾವ ಸರ್ಕಾರದ ಮೇಲೆ ವರದಿ ಮಾಡ್ತೀವೋ ಅದರ ಕೈಯಿಂದ ಪತ್ರಕರ್ತ ಪ್ರಶಸ್ತಿ ತಗೋಬಾರದು ಅನ್ನೋದು ಅವರ ನಿಲುವು.

ಒಂದು ಮಾತು ಇಲ್ಲಿ ಹೇಳಲೇಬೇಕು. ಇಂಗ್ಲಿಷ್, ದೊಡ್ಡ ವಿಶ್ವವಿದ್ಯಾಲಯದ ಓದು, ಮುಂಬೈ ಸಂಪರ್ಕ, ದೊಡ್ಡ ಮನೆತನ ಎಲ್ಲ ಅವರ ಬೆನ್ನಿಗಿತ್ತು. ತಾಲ್ಲೂಕಿನ ಹುಡುಗ-ಹುಡುಗಿಯರು ಕೆಲಸ ಬಿಟ್ಟು ಹಾಗೇ ಹೊರಟರೆ ಮೂರನೇ ತಿಂಗಳಿಗೆ ಕೈಸಾಲ ಶುರುವಾಗುತ್ತೆ. ಆದರೆ ವರದಿಗೆ ಹೋದ ಕಡೆ ಒಂದು ದಿನ ಜಾಸ್ತಿ ಇದ್ದು, ಎಷ್ಟು ಖರ್ಚಾಯಿತು, ಯಾರಿಗೆ ಸೇರಿತು ಅಂತ ಕೇಳೋದಕ್ಕೆ ಆ ಬೆಂಬಲ ಬೇಕಾಗಲ್ಲ.

2014ರ ಡಿಸೆಂಬರ್ 20ಕ್ಕೆ ಸಾಯಿನಾಥ್ 'ಪರಿ' (ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ) ಶುರು ಮಾಡಿದರು. ಹಳ್ಳಿಗಳ ವರದಿ, ಫೋಟೋ, ಆಡಿಯೋ, ಕಿರು ಸಾಕ್ಷ್ಯಚಿತ್ರ ಎಲ್ಲ ಒಂದೇ ಕಡೆ. ಮಹಾರಾಷ್ಟ್ರದ ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಹಾಡುಗಳ ದೊಡ್ಡ ಸಂಗ್ರಹವೂ ಅಲ್ಲಿದೆ. ಕನ್ನಡದಲ್ಲೂ ಬರಹಗಳಿವೆ. ಓದೋದಕ್ಕೆ, ನೋಡೋದಕ್ಕೆ ಹಣ ಕೊಡಬೇಕಾಗಿಲ್ಲ.