ಕಲ್ಲಿಲ್ಲದೆಯೂ ಕೆಡುವ ಪಿತ್ತಕೋಶ

ಪಿತ್ತಕೋಶದ ತೊಂದರೆ ಎಂದೊಡನೆ ನೆನಪಿಗೆ ಬರುವುದು ಕಲ್ಲು. ಯಕೃತ್ತಿನ ಅಡಿಯಲ್ಲಿರುವ, 7ರಿಂದ 10 ಸೆಂಟಿಮೀಟರ್ ಉದ್ದದ ಈ ಚೀಲ 30ರಿಂದ 50 ಮಿಲಿಲೀಟರ್ ಪಿತ್ತರಸವನ್ನು ಹಿಡಿದಿಡಬಲ್ಲುದು. ರಸದ ನೀರನ್ನು ಹೀರಿ ಗಟ್ಟಿಗೊಳಿಸುವುದು, ಜಿಡ್ಡಿನ ಆಹಾರ ಸಣ್ಣ ಕರುಳಿಗೆ ಬಂದಾಗ ಅದನ್ನು ಹೊರಬಿಡುವುದು ಇದರ ಕೆಲಸ. ಗಟ್ಟಿಯಾದ ರಸದಿಂದ ಕೊಲೆಸ್ಟರಾಲ್ ಅಥವಾ ವರ್ಣಕಗಳು ಬೇರ್ಪಟ್ಟರೆ ಕಲ್ಲಾಗುತ್ತದೆ. ಆದರೆ ಪಿತ್ತಕೋಶದ ತೀವ್ರ ಉರಿಯೂತಕ್ಕೆ ಒಳಗಾದವರಲ್ಲಿ ಶೇಕಡಾ 5ರಿಂದ 10 ಮಂದಿಗೆ ಕಲ್ಲೇ ಇರುವುದಿಲ್ಲ.

ಇಂಥ ಒಂದು ಪ್ರಕರಣವನ್ನು ಡಂಕನ್ ಎಂಬ ವೈದ್ಯ 1844ರಲ್ಲಿಯೇ ದಾಖಲಿಸಿದ್ದ. ಅಂಡವಾಯುವಿನಂಥ ಬೇರೊಂದು ತೊಂದರೆಗೆ ಶಸ್ತ್ರಕ್ರಿಯೆಯಾದ ಬಳಿಕ ರೋಗಿ ತೀರಿಕೊಂಡಾಗ, ಪಿತ್ತಕೋಶ ಊದಿಕೊಂಡಿತ್ತು, ಒಳಗೆ ಕಲ್ಲಿರಲಿಲ್ಲ. ಆಗ ಮನುಷ್ಯನ ಪಿತ್ತಕೋಶವನ್ನು ತೆಗೆಯುವ ಶಸ್ತ್ರಕ್ರಿಯೆ ಇನ್ನೂ ನಡೆದಿರಲಿಲ್ಲ. 1882ರ ಜುಲೈ 15ರಂದು ಬರ್ಲಿನ್‌ನಲ್ಲಿ ಕಾರ್ಲ್ ಲಾಂಗೆನ್‌ಬುಖ್ 43 ವರ್ಷದ ರೋಗಿಯೊಬ್ಬನ ಪಿತ್ತಕೋಶವನ್ನು ಮೊದಲ ಬಾರಿಗೆ ತೆಗೆದ; ರೋಗಿ ಗುಣ ಹೊಂದಿದ.

ಶಸ್ತ್ರಕ್ರಿಯೆ ಹೆಚ್ಚಿದಂತೆ ವಿರಳ ವ್ಯಾಧಿಗಳೂ ಕಣ್ಣಿಗೆ ಬಿದ್ದವು. 1898ರಲ್ಲಿ ವೆಂಡೆಲ್, ಪಿತ್ತಕೋಶವೇ ತಿರುಚಿಕೊಂಡು ರಕ್ತಸಂಚಾರ ನಿಲ್ಲುವ ಸ್ಥಿತಿಯನ್ನು ವಿವರಿಸಿದ. 1948ರಲ್ಲಿ ಅರ್ಜೆಂಟೀನಾದ ಪಾಬ್ಲೊ ಮಿರಿಜ್ಜಿ, ಪಿತ್ತಕೋಶದ ಕುತ್ತಿಗೆಯಲ್ಲಿ ಸಿಕ್ಕಿಕೊಂಡ ಕಲ್ಲು ಪಕ್ಕದ ಪಿತ್ತನಾಳವನ್ನು ಒತ್ತಿ ಕಾಮಾಲೆ ತರುವುದನ್ನು ತೋರಿಸಿದ. ದೇಹವನ್ನು ತೆರೆಯದೆ ಪಿತ್ತಕೋಶವನ್ನು ನೋಡುವ ದಾರಿ ತೆರೆದದ್ದು 1924ರಲ್ಲಿ, ಗ್ರಹಾಂ ಮತ್ತು ಕೋಲ್ ಅವರ ಎಕ್ಸ್‌ರೇ ವಿಧಾನದಿಂದ. 1970ರ ದಶಕದಲ್ಲಿ ಬಳಕೆಗೆ ಬಂದ ಅಲ್ಟ್ರಾಸೌಂಡ್ ಭಿತ್ತಿಯ ದಪ್ಪವನ್ನೂ ಅಳೆಯಬಲ್ಲುದಾಯಿತು. ಸಹಜ ಭಿತ್ತಿಯ ದಪ್ಪ ಸುಮಾರು 3 ಮಿಲಿಮೀಟರ್ ಮೀರುವುದಿಲ್ಲ.

ಈ ಅಳತೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಮಳೆಗಾಲದ ವಿಷಯವೂ ಹೌದು. ಅಡಿಕೆ ತೋಟದಲ್ಲಿ, ಕೆಸರುಗದ್ದೆಯಲ್ಲಿ ದುಡಿಯುವವರಿಗೆ ಇಲಿ ಜ್ವರದ ಭಯ. ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆಯಿಂದ ಡೆಂಗಿ. ಡೆಂಗಿಯಲ್ಲಿ ರಕ್ತನಾಳಗಳಿಂದ ದ್ರವ ಸೋರಿ ಪಿತ್ತಕೋಶದ ಭಿತ್ತಿ ದಪ್ಪವಾಗುತ್ತದೆ. ಬಲ ಪಕ್ಕೆಲುಬಿನ ಕೆಳಗೆ ನೋವು, ಜ್ವರ, ದಪ್ಪ ಭಿತ್ತಿ ಇವೆಲ್ಲ ಸೇರಿದಾಗ ಶಸ್ತ್ರಕ್ರಿಯೆ ಬೇಕೆನಿಸುವುದು ಸಹಜ. ಆದರೆ ಪ್ಲೇಟ್‌ಲೆಟ್ ಕುಸಿದಿರುವಾಗ ಚೂರಿ ಹಿಡಿಯುವುದು ಅಪಾಯ. ಜ್ವರ ಇಳಿದಂತೆ ಭಿತ್ತಿಯೂ ಸಾಮಾನ್ಯವಾಗಿ ತಾನಾಗಿ ತೆಳುವಾಗುತ್ತದೆ. ಇಲಿ ಜ್ವರ, ವಿಷಮಶೀತ ಜ್ವರಗಳಲ್ಲಿಯೂ ಕಲ್ಲಿಲ್ಲದ ಉರಿಯೂತ ಕಾಣಿಸಿಕೊಳ್ಳಬಹುದು. ಮೂಲ ರೋಗಕ್ಕೆ ಸಕಾಲದ ಔಷಧಿಯೇ ಮುಖ್ಯ. ಆದರೂ ಭಿತ್ತಿ ಕೊಳೆಯುವ ಅಥವಾ ತೂತಾಗುವ ಸಂಭವವಿರುವುದರಿಂದ ವೈದ್ಯರ ನಿಗಾ ತಪ್ಪಬಾರದು.

ಇನ್ನೊಂದು ಪ್ರಶ್ನೆ ಕಾಮಾಲೆಯದು. ಕಣ್ಣು ಹಳದಿಯಾದರೆ ಕಿರುನೆಲ್ಲಿಯ ರಸ ಕುಡಿಸಿ ಪಥ್ಯ ಹಿಡಿಸುವುದು ಈ ಕಡೆಯ ರೂಢಿ. ಯಕೃತ್ತಿನ ಸೋಂಕಿನಿಂದ ಬಂದ ಎಷ್ಟೋ ಕಾಮಾಲೆಗಳು ತಾವಾಗಿ ಇಳಿಯುವುದರಿಂದ ಮದ್ದಿನ ಮೇಲೆ ನಂಬಿಕೆ ಬೆಳೆದಿದೆ. ಆದರೆ ಕಾಮಾಲೆ ಒಂದು ರೋಗವಲ್ಲ, ಲಕ್ಷಣ. 1890ರಲ್ಲಿ ಸ್ವಿಟ್ಜರ್ಲೆಂಡಿನ ಲುಡ್ವಿಗ್ ಕೂರ್ವಾಸಿಯೇ ಗಮನಿಸಿದ್ದು ಇದನ್ನೇ: ಕಾಮಾಲೆಯ ಜೊತೆಗೆ ಪಿತ್ತಕೋಶ ನೋವಿಲ್ಲದೆ ಉಬ್ಬಿ ಕೈಗೆ ಸಿಗುತ್ತಿದ್ದರೆ, ಕಾರಣ ಕಲ್ಲಾಗಿರುವುದು ಕಡಿಮೆ. ಪದೇಪದೇ ಕಲ್ಲಿನಿಂದ ಕೆಟ್ಟ ಪಿತ್ತಕೋಶ ಮುದುಡಿ ಗಡುಸಾಗಿರುತ್ತದೆ, ಉಬ್ಬಲಾರದು. ಉಬ್ಬಿದೆಯೆಂದರೆ ಕೆಳಗಿನ ನಾಳವನ್ನು ಗೆಡ್ಡೆಯೊಂದು ಒತ್ತುತ್ತಿರಬಹುದು. ಇಂಥಲ್ಲಿ ಪಥ್ಯದಲ್ಲಿ ಕಳೆದ ಒಂದೊಂದು ವಾರವೂ ಶಸ್ತ್ರಕ್ರಿಯೆಯ ಅವಕಾಶವನ್ನು ಕಿರಿದಾಗಿಸುತ್ತದೆ.

ಈ ವ್ಯತ್ಯಾಸದ ಸುಳಿವನ್ನು ಮನೆಯಲ್ಲಿಯೇ ಕಾಣಬಹುದು. ಮಲಕ್ಕೆ ಕಂದು ಬಣ್ಣ ಬರುವುದು ಪಿತ್ತರಸದ ವರ್ಣಕದಿಂದ. ನಾಳ ಮುಚ್ಚಿದರೆ ವರ್ಣಕ ಕರುಳಿಗೆ ಇಳಿಯದು. ಮಲ ಬಿಳಿಚಿ ಜೇಡಿಮಣ್ಣಿನಂತಾಗುತ್ತದೆ, ಮೂತ್ರ ಕಪ್ಪು ಚಹಾದಂತಾಗುತ್ತದೆ, ಮೈ ತುರಿಸುತ್ತದೆ. ಜೀರ್ಣಾಂಗಗಳ ಪಾಠ ಮಾಡುವಾಗ ಅಧ್ಯಾಪಕರು ಇಷ್ಟನ್ನು ಸೇರಿಸಿ ಹೇಳಿದರೆ, ಮನೆಯಲ್ಲಿ ಯಾರಿಗಾದರೂ ಈ ಲಕ್ಷಣಗಳು ಕಂಡಾಗ ತಡಮಾಡದೆ ಆಸ್ಪತ್ರೆಗೆ ಹೋಗೋಣ ಎಂದು ವಿದ್ಯಾರ್ಥಿಯೇ ಹೇಳಬಲ್ಲ.