‘ಟ್ಯಾಂಕ್’ ಶಬ್ದದ ಅರ್ಥವೂ ಮೂಲವೂ: ಬೆಂಗಳೂರು ಗ್ರಾಮಾಂತರ ಸೀಮೆಯ ಕೆರೆಗಳ ಹಿನ್ನೆಲೆಯಲ್ಲಿ

೧

ಇಂಗ್ಲಿಷಿನ ‘ಟ್ಯಾಂಕ್’ ಎಂಬ ಶಬ್ದವು ಈಗ ಕನ್ನಡನಾಡಿನ ಹಳ್ಳಿಹಳ್ಳಿಗಳಲ್ಲಿಯೂ ವಾಡಿಕೆಯಲ್ಲಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳುಳ್ಳ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಅದಕ್ಕೆ ಕಡಮೆಯೆಂದರೂ ನಾಲ್ಕು ಅರ್ಥಗಳು ಕೇಳಬರುತ್ತವೆ. ಮನೆಯ ತಾರಸಿಯ ಮೇಲೆ ನೀರು ತುಂಬಿಡುವ ತೊಟ್ಟಿಯು ಟ್ಯಾಂಕು. ಮೋಟಾರು ಬಂಡಿಯಲ್ಲಿ ಎಣ್ಣೆ ತುಂಬುವ ಪಾತ್ರೆಯು ಟ್ಯಾಂಕು. ರಣರಂಗದಲ್ಲಿ ಸಂಚರಿಸುವ ಉಕ್ಕಿನ ವಾಹನವು ಟ್ಯಾಂಕು. ಸರ್ಕಾರದ ಇಂಗ್ಲಿಷು ದಫ್ತರಗಳಲ್ಲಿಯಾದರೋ ಊರ ಮುಂದಿನ ಕೆರೆಯೇ ಟ್ಯಾಂಕು. ಮೊದಲಿನ ಮೂರು ಅರ್ಥಗಳಲ್ಲಿ ರೈತನು ಈ ಮಾತನ್ನು ತಾನೇ ಆಡುತ್ತಾನೆ. ನಾಲ್ಕನೆಯ ಅರ್ಥದಲ್ಲಿ ಅವನು ಅದನ್ನು ಎಂದಿಗೂ ಆಡುವುದಿಲ್ಲ; ಅವನಿಗೆ ಕೆರೆಯು ಕೆರೆಯೇ.

ಈ ನಾಲ್ಕು ಅರ್ಥಗಳೂ ಒಂದೇ ಮೂಲದಿಂದ ಕವಲೊಡೆದು ಬಂದ ಬಗೆಯು ಶಬ್ದಶಾಸ್ತ್ರದ ದೃಷ್ಟಿಯಿಂದ ಕುತೂಹಲಕರವಾದುದು. ಆದರೆ ವಿಷಯವು ಶಬ್ದಶಾಸ್ತ್ರದಲ್ಲಿಯೇ ಮುಗಿಯುವುದಿಲ್ಲ. ‘ಕೆರೆ’ಯ ಸ್ಥಾನದಲ್ಲಿ ‘ಟ್ಯಾಂಕ್’ ಎಂದು ಬರೆದಾಗ ಕೆರೆಗೆ ಸೇರಿದ್ದ ಏನೇನು ಬರಹದಿಂದ ಹೊರಗುಳಿಯಿತು ಎಂಬುದನ್ನೂ ವಿಚಾರಿಸಬೇಕಾಗುತ್ತದೆ.

೨

ಶಬ್ದದ ಮೂಲವನ್ನು ಕುರಿತು ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಭಾರತದಲ್ಲಿ ಬಳಕೆಯಾದ ಇಂಗ್ಲಿಷು ಮಾತುಗಳಿಗೆ ಯೂಲ್ ಮತ್ತು ಬರ್ನೆಲ್ ಎಂಬವರು ೧೮೮೬ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶದಲ್ಲಿ ಇವೆರಡನ್ನೂ ಚರ್ಚಿಸಿದ್ದಾರೆ. ಮೊದಲನೆಯ ಪಕ್ಷದ ಮೇರೆಗೆ ಇದು ಪಶ್ಚಿಮ ಭಾರತದ ಮಾತು. ಗುಜರಾತಿಯಲ್ಲಿ ‘ಟಾಂಕು’, ಮರಾಠಿಯಲ್ಲಿ ‘ಟಾಂಕೆ’, ರಾಜಪುತಾನದಲ್ಲಿ ‘ಟಾಂಕಾ’ ಎಂಬ ಶಬ್ದಗಳು ನೆಲದಲ್ಲಿ ತೋಡಿದ ಅಥವಾ ಬಂಡೆಯಲ್ಲಿ ಕಡಿದ ನೀರಿನ ತೊಟ್ಟಿಗೆ ಸಲ್ಲುತ್ತವೆ. ಉತ್ತರ ಕರ್ನಾಟಕದಲ್ಲಿ ನೀರಿನ ತೊಟ್ಟಿಗೆ ‘ಟಾಕಿ’ ಎನ್ನುವ ರೂಢಿಯು ಈ ಬಳಗಕ್ಕೇ ಸೇರಿದುದು. ಎರಡನೆಯ ಪಕ್ಷದ ಮೇರೆಗೆ ಇದು ಪೋರ್ತುಗೀಸರ ‘ತಾಂಕೆ’ ಎಂಬ ಮಾತು; ಹರಿಯುವ ನೀರನ್ನು ತಡೆ ಎಂಬರ್ಥದ ‘ಎಸ್ತಂಕಾರ್’ ಎಂಬ ಧಾತುವಿನಿಂದ ಹುಟ್ಟಿದುದು. ನಿಂತ ನೀರಿನ ಕೊಳವೆಂಬ ಅರ್ಥದ ಲ್ಯಾಟಿನ್ ಶಬ್ದ ‘ಸ್ಟಾಗ್ನಮ್’ ಎಂಬುದನ್ನೂ ಈ ಪ್ರಸಂಗದಲ್ಲಿ ಹೇಳುವುದುಂಟು. ಪೋರ್ತುಗೀಸರು ಪಶ್ಚಿಮ ಕರಾವಳಿಯಲ್ಲಿ ಇಳಿದಾಗ ತಮ್ಮ ಮಾತಿಗೂ ಆ ಸೀಮೆಯ ಮಾತಿಗೂ ಧ್ವನಿಯಲ್ಲಿ ಹೋಲಿಕೆಯಿದ್ದುದರಿಂದ ಎರಡೂ ಬೆರೆತುವು. ೧೭ನೆಯ ಶತಮಾನದ ಮೊದಲಲ್ಲಿ ಇಲ್ಲಿಗೆ ಬಂದ ಇಂಗ್ಲಿಷರಿಗೆ ದೊರೆತದ್ದು ಹೀಗೆ ಬೆರೆತ ಶಬ್ದವೇ ಎಂದು ಹೇಳಬಹುದು.

ಕೆರೆ ಕಟ್ಟುವ ಕಾರ್ಯದಲ್ಲಿ ಪೋರ್ತುಗೀಸರಿಗೂ ಕನ್ನಡಿಗರಿಗೂ ನೇರವಾದ ಸಂಪರ್ಕವಿದ್ದುದಕ್ಕೆ ವಿಜಯನಗರದ ಚರಿತ್ರೆಯಲ್ಲಿ ನಿದರ್ಶನವಿದೆ. ಕೃಷ್ಣದೇವರಾಯನು ರಾಜಧಾನಿಯ ಹತ್ತಿರ ದೊಡ್ಡ ಕೆರೆಯೊಂದನ್ನು ಕಟ್ಟಿಸುತ್ತಿದ್ದುದನ್ನು ಪೋರ್ತುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು ಕ್ರಿ. ಶ. ೧೫೨೦ರ ಸುಮಾರಿಗೆ ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಆ ಕೆಲಸಕ್ಕೆ ಜೋವಾವ್ ದ ಲಾ ಪೊಂತೆ ಎಂಬ ಪೋರ್ತುಗೀಸ್ ಕಲ್ಲುಕೆಲಸದವನು ನೆರವಾದನೆಂದು ನೂನಿಜನ ವೃತ್ತಾಂತದಿಂದ ತಿಳಿದುಬರುತ್ತದೆ. ಈ ಬರಹಗಳನ್ನು ರಾಬರ್ಟ್ ಸೆವೆಲ್ಲನು ೧೯೦೦ರಲ್ಲಿ ಇಂಗ್ಲಿಷಿಗೆ ತಂದಾಗ ಆ ಕೆರೆಯು ಅಲ್ಲಿ ‘ಟ್ಯಾಂಕ್’ ಆಯಿತು.

೩

ಈಗ ‘ಕೆರೆ’ಯ ಕಡೆಗೆ ತಿರುಗಿದರೆ ಒಂದು ಸೋಜಿಗವು ಕಾಣಬರುತ್ತದೆ. ಹಳಗನ್ನಡದಲ್ಲಿ ಇದರ ರೂಪವು ಶಕಟರೇಫವುಳ್ಳ ‘ಕೆಱೆ’. ಬರ್ರೋ ಮತ್ತು ಎಮೆನೋ ಎಂಬವರ ದ್ರಾವಿಡ ನಿಷ್ಪತ್ತಿಕೋಶವು ಇದನ್ನು ತೆಲುಗಿನ ‘ಚೆಱುವು’, ಮಲೆಯಾಳದ ‘ಚಿಱ’, ತಮಿಳಿನ ‘ಚಿಱೈ’ ಎಂಬವುಗಳೊಡನೆ ಒಂದೇ ಗುಂಪಿನಲ್ಲಿ ಇರಿಸಿದೆ. ಇಕಾರ ಎಕಾರಗಳ ಹಿಂದಿನ ಮೂಲ ಕಕಾರವು ತಮಿಳು ತೆಲುಗುಗಳಲ್ಲಿ ಚಕಾರವಾಗುವುದೂ ಕನ್ನಡದಲ್ಲಿ ಹಾಗೆಯೇ ಉಳಿಯುವುದೂ ಪ್ರಸಿದ್ಧವಾದ ನಿಯಮ. ತಮಿಳಿನ ‘ಚಿಱೈ’ಗೆ ಅಣೆಕಟ್ಟು, ತಡೆ, ಕಾವಲು, ಬಂಧನ ಎಂಬ ಅರ್ಥಗಳಿವೆ; ಕನ್ನಡದ ‘ಸೆರೆ’ಯೂ ಈ ಬಳಗದ ಮಾತೇ. ಎಂದರೆ ಕೆರೆಯೆಂಬುದು ಮೂಲತಃ ಸೆರೆಹಿಡಿದ ನೀರು. ‘ಎಸ್ತಂಕಾರ್’ ಧಾತುವಿನ ಅರ್ಥವೂ ಇದೇ. ಪೋರ್ತುಗೀಸ್ ಮೂಲದ ಪಕ್ಷವನ್ನು ಒಪ್ಪಿದರೆ, ಪರಸ್ಪರ ಸಂಬಂಧವಿಲ್ಲದ ಎರಡು ಭಾಷಾಕುಲಗಳು ಒಂದೇ ಭಾವನೆಯಿಂದ ಎರಡು ಹೆಸರುಗಳನ್ನು ಕಟ್ಟಿಕೊಂಡುವು ಎಂದಾಯಿತು.

ಹುಟ್ಟಿನಲ್ಲಿ ಇಷ್ಟು ಸಮೀಪವಾದ ಈ ಶಬ್ದಗಳು ಬೆಳವಣಿಗೆಯಲ್ಲಿ ಬೇರೆ ಬೇರೆ ದಾರಿಗಳನ್ನು ಹಿಡಿದುವು. ಭಾರತದ ಇಂಗ್ಲಿಷಿನಲ್ಲಿ ‘ಟ್ಯಾಂಕ್’ ಎಂಬುದು ನೀರು ನಿಂತ ಎಡೆಗೆಲ್ಲ ಸಾಮಾನ್ಯವಾದ ಹೆಸರಾಯಿತು. ಕಣಿವೆಗೆ ಅಡ್ಡಲಾಗಿ ಏರಿ ಹಾಕಿದ ಕೆರೆ, ಸಣ್ಣದಾದ ಕಟ್ಟೆ, ದನಕರು ನೀರು ಕುಡಿಯುವ ಕುಂಟೆ, ದೇವಾಲಯದ ಮುಂದೆ ಕಲ್ಲುಮೆಟ್ಟಿಲುಗಳುಳ್ಳ ಕಲ್ಯಾಣಿ, ನೆಲದಲ್ಲಿ ತೋಡಿದ ಕೊಳ, ನೆಲಮಂಗಲ ತಾಲ್ಲೂಕಿನ ಶಿವಗಂಗೆಯಂಥ ಬೆಟ್ಟಗಳ ಬಂಡೆಯಲ್ಲಿ ನೀರು ನಿಲ್ಲುವ ದೊಣೆ—ಇವುಗಳಲ್ಲಿ ಯಾವುದನ್ನಾದರೂ ಆ ಒಂದು ಮಾತಿನಿಂದಲೇ ಕರೆಯಬಹುದಾಗಿತ್ತು. ಕಿಟ್ಟೆಲರ ೧೮೯೪ರ ಕನ್ನಡ-ಇಂಗ್ಲಿಷು ನಿಘಂಟಿನಲ್ಲಿಯೂ ‘ಕೆರೆ’ಗೆ ಕೊಟ್ಟಿರುವ ಅರ್ಥವು ‘ಟ್ಯಾಂಕ್’ ಎಂದೇ. ಕನ್ನಡವು ಆಕಾರ, ಅಳತೆ, ಉಪಯೋಗಗಳನ್ನು ನೋಡಿ ವಿಂಗಡಿಸಿದ್ದುದನ್ನು ಇಂಗ್ಲಿಷು ಒಟ್ಟುಗೂಡಿಸಿತು.

೪

ಕನ್ನಡದಲ್ಲಿ ‘ಕೆರೆ’ಯೆಂದರೆ ನೀರು ಮಾತ್ರವಲ್ಲ. ನೀರನ್ನು ತಡೆಯುವ ಏರಿ, ಗದ್ದೆಗೆ ನೀರು ಬಿಡುವ ತೂಬು, ಹೆಚ್ಚಿದ ನೀರು ಹೊರಬೀಳುವ ಕೋಡಿ, ಮಳೆಯ ನೀರನ್ನು ತರುವ ಹಳ್ಳಕಾಲುವೆಗಳು, ನೀರು ಇಳಿದಾಗ ತೆರವಾಗುವ ಕೆರೆಯಂಗಳ, ಅಂಗಳದಲ್ಲಿ ಶೇಖರವಾಗುವ ಗೋಡುಮಣ್ಣು, ಏರಿಯ ಕೆಳಗಿನ ಅಚ್ಚುಕಟ್ಟು—ಇವೆಲ್ಲವೂ ಸೇರಿ ಒಂದು ಕೆರೆ. ತೂಬು ತೆರೆದು ಗದ್ದೆಗದ್ದೆಗೆ ಸರದಿಯಂತೆ ನೀರು ಹಾಯಿಸುವ ನೀರುಗಂಟಿಯೂ ಈ ಏರ್ಪಾಡಿನ ಒಂದು ಅಂಗವೇ. ಜಿಲ್ಲೆಯ ಊರುಗಳ ಹೆಸರುಗಳೇ ಈ ಮಾತಿಗೆ ಸಾಕ್ಷಿ. ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆ, ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಎಂಬ ಹೆಸರುಗಳಲ್ಲಿ ಸಮಾಸದ ಉತ್ತರಪದವಾದ ‘ಕೆರೆ’ಯು ಕಕಾರಕ್ಕೆ ಗಕಾರವು ಆದೇಶವಾಗಿ ‘ಗೆರೆ’ಯಾಗಿದೆ, ತೂಬಗೆರೆಯಲ್ಲಿ ತೂಬೂ ಊರಿನ ಹೆಸರಿಗೆ ಏರಿದಂತೆ ತೋರುತ್ತದೆ.

ನಾಲ್ಕು ತಾಲ್ಲೂಕುಗಳ ಶಾಸನಗಳೂ ಬಿ. ಎಲ್. ರೈಸರು ೧೯೦೫ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ೯ನೆಯ ಸಂಪುಟದಲ್ಲಿ ಸೇರಿವೆ. ಗಂಗರ ರಾಜಧಾನಿಗಳಲ್ಲಿ ಒಂದಾಗಿದ್ದ ಮಾನ್ಯಪುರವು, ಎಂದರೆ ಈಗಿನ ಮಣ್ಣೆಯು, ನೆಲಮಂಗಲ ತಾಲ್ಲೂಕಿನಲ್ಲಿಯೇ ಇದೆ. ಗಂಗರ ತಾಮ್ರಶಾಸನಗಳಲ್ಲಿ ರಾಜಪ್ರಶಸ್ತಿಯು ಸಂಸ್ಕೃತದಲ್ಲಿದ್ದರೂ, ದತ್ತಿಯ ಎಲ್ಲೆಗಳನ್ನು ಹೇಳುವೆಡೆಯಲ್ಲಿ ಕೆರೆ, ಹಳ್ಳ, ಮರಗಳ ದೇಶೀಯ ಹೆಸರುಗಳು ಬರುವುದುಂಟು; ಊರವರಿಗೆ ಎಲ್ಲೆಯು ತಿಳಿಯಬೇಕಾದರೆ ಅವರ ಮಾತಿನಲ್ಲಿಯೇ ಹೇಳಬೇಕಾಗಿತ್ತು. ಕೆರೆಯನ್ನು ಕಟ್ಟಿಸಿದವರಿಗೂ ಕಾಪಾಡುವವರಿಗೂ ಬಿಟ್ಟ ಭೂಮಿ ಅಥವಾ ಪಾಲನ್ನು ಕನ್ನಡ ಶಾಸನಗಳು ‘ಬಿತ್ತುವಟ್ಟ’, ‘ದಶವಂದ’, ‘ಕಟ್ಟುಕೊಡಗಿ’ ಎಂದು ಕರೆಯುತ್ತವೆ. ದಶವಂದವು ಹೆಸರೇ ಹೇಳುವಂತೆ ಹತ್ತರಲ್ಲೊಂದು ಪಾಲು. ಕೆರೆಯ ಜೊತೆಗೆ ಕೆರೆಯನ್ನು ಉಳಿಸುವ ಆದಾಯವನ್ನೂ ಏರ್ಪಡಿಸುವುದು ಹಿಂದಿನ ಪದ್ಧತಿಯಾಗಿತ್ತು.

ಇಂಗ್ಲಿಷು ದಫ್ತರಗಳೂ ಈ ಏರ್ಪಾಡನ್ನು ಪೂರ್ತಿಯಾಗಿ ತಮ್ಮ ಮಾತಿಗೆ ತಿರುಗಿಸಿಕೊಳ್ಳಲಾರದೆ ಹೋದುವೆಂಬುದಕ್ಕೆ ಒಂದು ಗುರುತಿದೆ. ತೂಬಿಗೂ ಕೋಡಿಗೂ ಅವರಲ್ಲಿ ಸರಿಯಾದ ಮಾತುಗಳಿದ್ದುವು. ಏರಿಗೆ ‘ಬಂಡ್’ ಎಂದರು; ಅದಾದರೂ ಪಾರಸಿ-ಹಿಂದೂಸ್ತಾನಿಯ ‘ಬಂದ್’ ಎಂಬುದೇ. ಆದರೆ ‘ಅಚ್ಚುಕಟ್ಟ’ನ್ನು ಮೈಸೂರಿನ ವರದಿಗಳಲ್ಲಿ ‘ಅಚ್ಕಟ್’ ಎಂದು ಇಂಗ್ಲಿಷು ಲಿಪಿಯಲ್ಲಿ ಬರೆದುಕೊಂಡರು. ಕೆರೆಯ ನೀರಿಗೆ ಹಕ್ಕುಳ್ಳ ನೆಲವೆಂಬ ಭಾವನೆಯು ‘ಟ್ಯಾಂಕ್’ ಶಬ್ದದೊಳಗೆ ಇರಲಿಲ್ಲವಾದುದರಿಂದ ಅದಕ್ಕೆ ಬೇರೆ ಮಾತನ್ನು ಎರವು ತರಬೇಕಾಯಿತು.

೫

ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆಗಿದ್ದ ಸ್ಯಾಂಕಿಯು ೧೮೬೬ರಲ್ಲಿ ಈ ಏರ್ಪಾಡಿನ ವಿಸ್ತಾರವನ್ನು ಗುರುತಿಸಿದನು. ಸಂಸ್ಥಾನದ ೨೭,೨೬೯ ಚದರ ಮೈಲಿಗಳಲ್ಲಿ ೧೬,೨೮೭ ಚದರ ಮೈಲಿಗಳು, ಎಂದರೆ ನೂರಕ್ಕೆ ೬೦ರಷ್ಟು ನೆಲ, ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದ್ದವೆಂದು ಅವನ ಲೆಕ್ಕ. ಹೊಸ ಕೆರೆಗೆ ಯೋಗ್ಯವಾದ ಸ್ಥಳವನ್ನು ಹುಡುಕುವುದೇ ಕಷ್ಟವೆನ್ನುವಷ್ಟರ ಮಟ್ಟಿಗೆ ಹಿಂದಿನವರು ಕೆರೆ ಕಟ್ಟಿದ್ದರು. ಒಂದರ ಕೋಡಿಯ ನೀರು ಮುಂದಿನದಕ್ಕೆ ಆಧಾರವಾದುದರಿಂದ ಇವು ಬಿಡಿಬಿಡಿಯಾದುವಲ್ಲ, ಸಾಲುಗೆರೆಗಳು. ಮೇಲಿನ ಏರಿ ಒಡೆದರೆ ಕೆಳಗಿನವಕ್ಕೂ ಅಪಾಯ. ಹೊಸಕೋಟೆಯ ದೊಡ್ಡಕೆರೆಯು ದಕ್ಷಿಣಪಿನಾಕಿನಿಯ ಪಾತ್ರದಲ್ಲಿಯೇ ಇದೆ. ಸುಗಟೂರಿನ ತಮ್ಮೇಗೌಡನು ಹೊಸಕೋಟೆಯನ್ನು ಕಟ್ಟಿದುದು ೧೫೯೫ರ ಸುಮಾರಿನಲ್ಲಿ ಎಂದು ಹೇಳುವರು. ದೊಡ್ಡಕೆರೆಯ ಏರಿ ಸುಮಾರು ೨ ಮೈಲಿ ಉದ್ದವೆಂದೂ, ತುಂಬಿದಾಗ ನೀರಿನ ಸುತ್ತಳತೆ ೧೦ ಮೈಲಿಗೆ ಕಡಮೆಯಿಲ್ಲವೆಂದೂ ಹಿಂದಿನ ಗೆಜೆಟಿಯರುಗಳಲ್ಲಿ ನಮೂದಾಗಿದೆ.

ಹೆಸರು ಕಾನೂನಿನೊಳಗೆ ಬಂದಮೇಲೆ ಅದರ ಅರ್ಥವೇ ಅಧಿಕಾರವಾಗುತ್ತದೆ. ೧೮೯೨ರಲ್ಲಿ ಮೈಸೂರು ಮದರಾಸು ಸರ್ಕಾರಗಳ ನಡುವೆ ನದೀಜಲದ ಒಡಂಬಡಿಕೆಯಾಯಿತು. ಮದರಾಸಿನ ಸಮ್ಮತಿಯಿಲ್ಲದೆ ‘ಹೊಸ’ ನೀರಾವರಿ ಜಲಾಶಯ ಕಟ್ಟಬಾರದೆಂದು ಅದರಲ್ಲಿ ಹೆಸರಿಸಿದ ನದಿಗಳಲ್ಲಿ ದಕ್ಷಿಣಪಿನಾಕಿನಿಯೂ ಒಂದು. ಹಿಂದೆ ಇದ್ದು ಪಾಳುಬಿದ್ದು ಬಹುಕಾಲ ಬಳಕೆ ತಪ್ಪಿದ ಜಲಾಶಯವೂ ‘ಹೊಸ’ದೆಂದೇ ಆ ಪತ್ರದಲ್ಲಿ ಎಣಿಕೆಯಾಯಿತು. ಊರವರ ಎಣಿಕೆಯಲ್ಲಿ ಒಡೆದ ಕೆರೆಯೂ ಹಳೆಯ ಕೆರೆಯೇ. ಒಡಂಬಡಿಕೆಯ ಎಣಿಕೆಯಲ್ಲಿ ಅದು ಇಲ್ಲದ ವಸ್ತು. ಮುಂದೆ ೧೯೧೧ರಲ್ಲಿ, ಕೆರೆಗಳ ಸಂರಕ್ಷಣೆಯಲ್ಲಿ ಗ್ರಾಮಸ್ಥರಿಗೆ ಮರಳಿ ಭಾಗ ಕೊಡುವ ಉದ್ದೇಶದಿಂದ ಮೈಸೂರು ಸರ್ಕಾರವು ಒಂದು ರೆಗ್ಯುಲೇಷನ್ ಹೊರಡಿಸಿತು. ಅದರ ಹೆಸರು ‘ಟ್ಯಾಂಕ್ ಪಂಚಾಯತಿ’ ರೆಗ್ಯುಲೇಷನ್.

೬

ಇತ್ತ ಇಂಗ್ಲೆಂಡಿನಲ್ಲಿ ೧೭ನೆಯ ಶತಮಾನದ ಕೊನೆಯ ವೇಳೆಗಾಗಲೇ ‘ಟ್ಯಾಂಕ್’ ಶಬ್ದವು ದ್ರವವನ್ನು ತುಂಬಿಡುವ ದೊಡ್ಡ ಪಾತ್ರೆಗೆ ಹೆಸರಾಗಿತ್ತು. ಯಂತ್ರಯುಗದಲ್ಲಿ ಆ ಅರ್ಥವೇ ಬಲವಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ೧೯೧೫ರಲ್ಲಿ, ಲಿಂಕನ್ ನಗರದ ಕಾರ್ಖಾನೆಯೊಂದರಲ್ಲಿ ಉಕ್ಕಿನ ಕವಚವುಳ್ಳ ಯುದ್ಧವಾಹನವು ಗುಟ್ಟಾಗಿ ಸಿದ್ಧವಾಗುತ್ತಿದ್ದಿತು. ಅದು ಮೆಸೊಪೊಟೇಮಿಯಕ್ಕೆ ನೀರು ಸಾಗಿಸುವ ಪಾತ್ರೆಯೆಂದು ಹೇಳಿ ಗುಟ್ಟನ್ನು ಕಾಪಾಡಿದರು. ಆ ಸುಳ್ಳಿನಿಂದ ‘ಟ್ಯಾಂಕ್’ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ೧೯೧೬ರ ಸೆಪ್ಟೆಂಬರ್ ೧೫ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅದು ಮೊದಲ ಬಾರಿಗೆ ಇಳಿದಮೇಲೆ ಹೆಸರು ಲೋಕವಿಖ್ಯಾತವಾಯಿತು. ನೀರನ್ನು ತಡೆ ಎಂಬ ಮೂಲಾರ್ಥಕ್ಕೂ ಈ ವಾಹನಕ್ಕೂ ಇರುವ ಸಂಬಂಧವು ಅಷ್ಟೇ.

ಕನ್ನಡದ ಮಾತಿಗೆ ಈ ಶಬ್ದವು ಬಂದುದು ಹೀಗೆ ಪಾತ್ರೆಯಾದಮೇಲೆ. ಆದುದರಿಂದಲೇ ಕನ್ನಡಿಗನ ಬಾಯಲ್ಲಿ ‘ಟ್ಯಾಂಕು’ ತೊಟ್ಟಿಯೇ ಹೊರತು ಕೆರೆಯಲ್ಲ. ಅದರ ಸಂತತಿಯಾದ ‘ಟ್ಯಾಂಕರು’ ಬೇಸಿಗೆಯಲ್ಲಿ ಹಳ್ಳಿಗಳಿಗೆ ನೀರು ಹೊತ್ತು ಬರುವ ಬಂಡಿ. ಕೆರೆಗಳು ಬತ್ತಿ, ಕೊಳವೆಬಾವಿಗಳು ಆಳಕ್ಕಿಳಿದ ಈ ಸೀಮೆಯಲ್ಲಿ, ಹೆಸರಿನ ಕೊನೆಗೆ ‘ಗೆರೆ’ಯೆಂದಿರುವ ಊರೂ ಟ್ಯಾಂಕರಿನ ದಾರಿಯನ್ನು ಕಾಯಬೇಕಾಗಿ ಬರುವುದು ಅಸಂಭವವಲ್ಲ.

ಶಬ್ದದ ತೊಡಕು ಇನ್ನೂ ಮುಗಿದಿಲ್ಲ. ಕರ್ನಾಟಕದ ಶಾಸನಸಭೆಯು ೨೦೧೪ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮವನ್ನು ಅಂಗೀಕರಿಸಿದಾಗ ಅದರ ಇಂಗ್ಲಿಷು ಹೆಸರಿನಲ್ಲಿ ಕೆರೆಯು ‘ಲೇಕ್’ ಎಂದಿತ್ತು. ೨೦೧೮ರ ತಿದ್ದುಪಡಿಯಲ್ಲಿ ಅದು ‘ಟ್ಯಾಂಕ್’ ಆಯಿತು. ಕನ್ನಡದಲ್ಲಿ ಎರಡಕ್ಕೂ ‘ಕೆರೆ’ಯೆಂಬುದೇ ಮಾತು. ಲೇಕ್ ಎಂದರೆ ಇಂಗ್ಲಿಷು ಓದುಗನಿಗೆ ದಡದಲ್ಲಿ ನಿಂತು ನೋಡುವ ನೀರು. ಟ್ಯಾಂಕ್ ಎಂದರೆ ತುಂಬಿಡುವ ನೀರು. ಕಾಲುವೆಯಿಂದ ಬಂದು, ತೂಬಿನಿಂದ ಗದ್ದೆಗೆ ಇಳಿದು, ಕೋಡಿಯಿಂದ ಮುಂದಿನ ಊರಿಗೆ ಹೋಗುವ ನೀರು ಎರಡರಲ್ಲಿಯೂ ಇಲ್ಲ. ಪಾತ್ರೆಯನ್ನು ಕಾಪಾಡಲು ಅದರ ಸುತ್ತಲೂ ಬೇಲಿ ಹಾಕಿದರೆ ಸಾಕು. ಕೆರೆಯನ್ನು ಕಾಪಾಡಲು ಅದಕ್ಕೆ ನೀರು ತರುವ ಹಳ್ಳವನ್ನೂ, ಹೂಳು ತೆಗೆಯುವ ಹೊಣೆಯನ್ನೂ, ಕೋಡಿಯ ಆಚೆಯ ದಾರಿಯನ್ನೂ ಕಾಪಾಡಬೇಕು. ಹೂಳೆತ್ತಿದ ಕೆರೆಯು ಮೇಲಿನ ಹಳ್ಳವು ಮುಚ್ಚಿಹೋದ ಮಾತ್ರದಿಂದಲೇ ಬರಿದಾಗಿ ಉಳಿಯಬಲ್ಲುದು.

ಒಟ್ಟಿನಲ್ಲಿ, ತಡೆಯೆಂಬ ಒಂದೇ ಭಾವದಿಂದ ಹೊರಟು ‘ಟ್ಯಾಂಕ್’ ಶಬ್ದವು ತೊಟ್ಟಿಯಾಗಿಯೂ ಯುದ್ಧಯಂತ್ರವಾಗಿಯೂ ಮುಗಿಯಿತು. ‘ಕೆರೆ’ಯು ಊರು, ನೆಲ, ಹಕ್ಕು, ಹೊಣೆಗಳನ್ನು ಕೂಡಿಸಿಕೊಂಡು ಬೆಳೆಯಿತು. ಒಂದನ್ನು ಇನ್ನೊಂದರ ಪರ್ಯಾಯವೆಂದು ಬರೆಯುವುದು ರೂಢಿಯಾಗಿದೆ. ಆ ರೂಢಿಯು ಬೇಗ ತಪ್ಪುವಂತೆಯೂ ಇಲ್ಲ. ಆದರೆ ಜಿಲ್ಲೆಯ ಕೆರೆಗಳನ್ನು ಕುರಿತು ಇಂಗ್ಲಿಷಿನಲ್ಲಿ ಪಟ್ಟಿ, ನಕಾಶೆ, ಕಾನೂನುಗಳನ್ನು ಬರೆಯುವವರು ಆ ಒಂದು ಶಬ್ದದ ಎದುರಿಗೆ ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟುಗಳ ಹೆಸರುಗಳನ್ನೂ ಬರೆದಿಟ್ಟರೆ, ಶಾಸನಗಳು ಕಲ್ಲಿನ ಮೇಲೆ ಉಳಿಸಿದ ಅರ್ಥವು ಕಾಗದದ ಮೇಲೂ ಉಳಿಯುವುದು.